ಸಂಸ್ಥೆಯ ನಿರ್ವಹಣೆ: ಐದು ಕೆಲಸ, ಮೂರು ರೀತಿ



ಬೋರ್ಡೋ ದ್ರಾವಣ ತಯಾರಿಸುವ ಕ್ರಮ, ಕಾಂಡಕೊರಕದ ಹತೋಟಿ, ಗೊಬ್ಬರದ ಪ್ರಮಾಣ ಮುಂತಾದ ವಿಷಯಗಳನ್ನು ಕುರಿತು ನಮ್ಮ ಈ ಪತ್ರಿಕೆಯಲ್ಲಿ ಲೇಖನಗಳು ಬರುತ್ತಲೇ ಇವೆ. ಅವೆಲ್ಲ ಬೇಕಾದವೇ. ಆದರೆ ಔಷಧಿ ಯಾವುದೆಂದು ತಿಳಿದಿದ್ದೂ, ಕೈಯಲ್ಲಿ ಹಣವಿದ್ದೂ, ಕೆಲಸದವರು ಸಿಕ್ಕಿದ್ದೂ, ಔಷಧಿ ಸಕಾಲಕ್ಕೆ ಅಡಿಕೆ ಗೊನೆಯನ್ನು ಮುಟ್ಟದೆ ಫಸಲು ಉದುರಿಹೋಗುವುದುಂಟು. ಅಂಥ ಕಡೆ ಕೊರತೆ ಇರುವುದು ನಿರ್ವಹಣೆಯಲ್ಲಿ. ಈ ಸಂಚಿಕೆಯಲ್ಲಿ ಅದನ್ನೇ ಪಾಠವಾಗಿ ತೆಗೆದುಕೊಳ್ಳೋಣ.

"ಎರಡು ಎಕರೆ ತೋಟದವನಿಗೆ ನಿರ್ವಹಣಾ ಶಾಸ್ತ್ರ ಏತಕ್ಕೆ? ಅದೇನಿದ್ದರೂ ಕಾರ್ಖಾನೆಯವರಿಗೆ, ಬ್ಯಾಂಕಿನವರಿಗೆ" ಎಂದು ಕೆಲವರಿಗೆ ಅನ್ನಿಸಬಹುದು. ಇದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು, ಎರಡು ಎಕರೆ ತೋಟವೂ ಒಂದು ಸಂಸ್ಥೆಯೇ. ಯಜಮಾನ, ಕಣದ ಮೇಲೆ ಕಣ್ಣಿಟ್ಟಿರುವ ಮನೆಯಾಕೆ, ಮರ ಹತ್ತುವ ಕೊನೆಗಾರ, ಕಾಫಿ ಕುಯ್ಯುವ ಆಳುಗಳು, ಸಾಲ ಕೊಡುವ ಸಂಘ, ಮಾಲು ಕೊಳ್ಳುವ ವ್ಯಾಪಾರಿ ಇವರೆಲ್ಲರ ಕೆಲಸವೂ ಒಂದಕ್ಕೊಂದು ಕೂಡಿಬಂದರೆ ಮಾತ್ರ ವರ್ಷದ ಕೊನೆಗೆ ಕೈಗೆ ಕಾಸು ಹತ್ತುತ್ತದೆ. ಎರಡನೆಯದು, ನಾವೆಲ್ಲ ಈ ಸಂಘದ ಸದಸ್ಯರು. ಇವತ್ತಲ್ಲ ನಾಳೆ ನಿಮ್ಮಲ್ಲಿ ಹಲವರು ಆಡಳಿತ ಮಂಡಳಿಗೆ ಬಂದು ಕೂರುವವರು. ಸಂಸ್ಥೆ ನಡೆಸುವುದೆಂದರೇನೆಂದು ತಿಳಿಯದೆ ಆ ಕುರ್ಚಿಯಲ್ಲಿ ಕುಳಿತರೆ ನಷ್ಟ ನಮ್ಮೆಲ್ಲರದು.

ಕಾಫಿ ಬೆಳೆಗಾರರಿಗೆ ಇನ್ನೂ ಒಂದು ಕಾರಣವಿದೆ. 1942ರ ಕಾಯಿದೆಯ ಪ್ರಕಾರ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿದ್ದ ಕಾಲದಲ್ಲಿ, ಯಾವಾಗ ಮಾರಬೇಕು, ಯಾರಿಗೆ ಮಾರಬೇಕು ಎಂಬ ಯೋಚನೆ ಬೆಳೆಗಾರನ ತಲೆಯ ಮೇಲಿರಲಿಲ್ಲ. ಮಾಲು ಕೊಟ್ಟು ಕಂತಿನ ಹಣಕ್ಕೆ ಕಾಯುವುದಷ್ಟೇ ಅವನ ಪಾಲಿಗಿತ್ತು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಮಾರಾಟ ಪೂರ್ತಿಯಾಗಿ ಮುಕ್ತವಾಯಿತು. ಅಂದಿನಿಂದ ಪ್ರತಿಯೊಬ್ಬ ಸಣ್ಣ ಬೆಳೆಗಾರನೂ ತನ್ನ ತೋಟದ ಮಟ್ಟಿಗೆ ವ್ಯವಸ್ಥಾಪಕನಾಗಲೇಬೇಕಾಗಿದೆ.

ನನ್ನದೇ ಒಂದು ತಪ್ಪು

ಪಾಠಕ್ಕೆ ಮೊದಲು, ಈ ವಿಷಯವನ್ನು ಕುರಿತು ನಾನು ಏಕೆ ಬರೆಯಬೇಕಾಯಿತೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಹಳೆಯ ಸದಸ್ಯರಿಗೆ ಇದು ಗೊತ್ತಿರುವುದೇ. ಹೊಸಬರಿಗಾಗಿ ಬರೆಯುತ್ತಿದ್ದೇನೆ.

2018ರ ಮೇ ತಿಂಗಳ ಮೊದಲ ವಾರ ನಮ್ಮ ಮನೆಯ ಅಡಿಕೆ ಅಟ್ಟದಿಂದ ಜಾರಿ ಬಿದ್ದು ನನ್ನ ಬಲಗಾಲಿನ ಮೂಳೆ ಮುರಿಯಿತು. ಆಸ್ಪತ್ರೆ, ಶಸ್ತ್ರಚಿಕಿತ್ಸೆ, ಆಮೇಲೆ ಮನೆಯ ಮಂಚ ಎಂದು ಆರು ವಾರ ಸಂಘದ ಮೆಟ್ಟಿಲು ಹತ್ತಲಾಗಲಿಲ್ಲ. ಆ ವರ್ಷದ ಮೈಲುತುತ್ತಿನ ಬೇಡಿಕೆಯನ್ನು ಸದಸ್ಯರು ಎಂದಿನಂತೆ ನನಗೆ ಬಾಯಲ್ಲಿ ಹೇಳಿದ್ದರು. ನಾನು ಅದನ್ನು ನನ್ನ ಕಿಸೆಯ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ವ್ಯಾಪಾರಿಯೊಡನೆ ದರ ಮಾತನಾಡಿದ್ದವನು ನಾನು. ಚೆಕ್ಕಿಗೆ ಅಧ್ಯಕ್ಷರ ಜೊತೆಗೆ ಸಹಿ ಹಾಕಬೇಕಾದವನೂ ನಾನು. ಉಗ್ರಾಣದ ಬೀಗದ ಕೈ ಕೂಡ ನನ್ನ ಮನೆಯ ಮೊಳೆಗೆ ನೇತಾಡುತ್ತಿತ್ತು.

ಆಸ್ಪತ್ರೆಯಲ್ಲಿ ಸ್ವಲ್ಪ ಸುಧಾರಿಸಿಕೊಂಡ ಮೇಲೆ ಗುಮಾಸ್ತರಿಗೆ ಫೋನ್ ಮಾಡಿ, "ಏನಪ್ಪಾ, ಮೈಲುತುತ್ತಿನ ಲೋಡು ಬಂತೇ?" ಎಂದು ಕೇಳಿದೆ. "ಇಲ್ಲ ಸಾರ್, ನೀವು ಹೇಳದೆ ಒಂದು ಚೀಲವನ್ನೂ ತರಿಸಬಾರದು ಅಂತ ನೀವೇ ಹೇಳಿದ್ದಿರಲ್ಲ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹಾಗೆ ಹೇಳಿದ್ದವನು ನಾನೇ.

ಲೋಡು ಬಂದದ್ದು ಜೂನ್ ಎರಡನೆಯ ವಾರ. ಅಷ್ಟರಲ್ಲಿ ಮಳೆ ಹಿಡಿದಾಗಿತ್ತು. ಮರ ಹತ್ತುವುದು ಹೇಗೆ, ಹೊಡೆದ ಔಷಧಿ ಗೊನೆಯ ಮೇಲೆ ನಿಲ್ಲುವುದು ಹೇಗೆ? ಕೈಯಲ್ಲಿ ಹಣವಿದ್ದವರು ಪೇಟೆಯಿಂದ ಹೆಚ್ಚು ದರ ಕೊಟ್ಟು ತಂದು ಮೊದಲೇ ಹೊಡೆಸಿಕೊಂಡಿದ್ದರು. ಸಂಘದ ಸಾಲವನ್ನೇ ನಂಬಿಕೊಂಡಿದ್ದ ಅರ್ಧ ಎಕರೆ, ಒಂದು ಎಕರೆಯವರು ಕಾದು ಕುಳಿತಿದ್ದರು. ಆ ಮಳೆಗಾಲದಲ್ಲಿ ಅವರ ಮರಗಳ ಬುಡದಲ್ಲಿ ಕೊಳೆತು ಬಿದ್ದ ಎಳೆಗಾಯಿಗಳನ್ನು ಊರುಗೋಲು ಹಿಡಿದು ಹೋಗಿ ನಾನೇ ನೋಡಿ ಬಂದೆ. ಮಹಾಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ಅಲ್ಲ ಕಣಪ್ಪಾ, ನಿನ್ನ ಕಾಲು ಮುರಿದರೆ ಸಂಘದ ಕಾಲೂ ಮುರಿಯಬೇಕೇನು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಲ್ಲಿಯವರೆಗೆ ನಾನು ಹಗಲೂ ರಾತ್ರಿ ದುಡಿಯುವ ಕಾರ್ಯದರ್ಶಿ ಎಂದು ಹೆಸರು ಪಡೆದಿದ್ದೆ. ದುಡಿಯುವುದು ಬೇರೆ, ನಿರ್ವಹಿಸುವುದು ಬೇರೆ ಎಂಬುದು ಆ ದಿನ ಅರ್ಥವಾಯಿತು. ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿ ಮರೆತಿದ್ದ ಪುಸ್ತಕಗಳನ್ನು ಮತ್ತೆ ತೆಗೆದೆ.

ಗಣಿಯ ಕುದುರೆ

ನಿರ್ವಹಣೆಯ ಪಾಠಗಳೆಲ್ಲ ಸಾಮಾನ್ಯವಾಗಿ ಆರಂಭವಾಗುವುದು ಹೆನ್ರಿ ಫಯೋಲ್ ಎಂಬ ಫ್ರೆಂಚ್ ಗಣಿ ಎಂಜಿನಿಯರರಿಂದ. 1841ರಲ್ಲಿ ಹುಟ್ಟಿದ ಇವರು 1860ರಲ್ಲಿ, ತಮ್ಮ 19ನೆಯ ವಯಸ್ಸಿನಲ್ಲಿ, ಕೊಮಾಂತ್ರಿ ಎಂಬಲ್ಲಿಯ ಕಲ್ಲಿದ್ದಲು ಗಣಿಯಲ್ಲಿ ಕೆಲಸಕ್ಕೆ ಸೇರಿದರು. 1888ರಲ್ಲಿ ಅದೇ ಕಂಪನಿಯ ಮುಖ್ಯಸ್ಥರಾದಾಗ ಅದು ದಿವಾಳಿಯ ಅಂಚಿನಲ್ಲಿತ್ತು. ಮೂವತ್ತು ವರ್ಷ ನಡೆಸಿ 1918ರಲ್ಲಿ ಬಿಟ್ಟುಕೊಡುವಾಗ ಅದು ಭದ್ರವಾಗಿ ನಿಂತಿತ್ತು. ತಮ್ಮ ಅನುಭವವನ್ನೆಲ್ಲ 1916ರಲ್ಲಿ ಅವರು ಪ್ರಕಟಿಸಿದರು.

ಅವರು ಕಿರಿಯ ಎಂಜಿನಿಯರಾಗಿದ್ದಾಗಿನ ಒಂದು ಘಟನೆ ಅವರ ದಿನಚರಿಯಲ್ಲಿದೆ. ಗಣಿಯೊಳಗೆ ಕಲ್ಲಿದ್ದಲಿನ ಬಂಡಿ ಎಳೆಯುತ್ತಿದ್ದ ಕುದುರೆಯೊಂದರ ಕಾಲು ಮುರಿಯಿತು. ಬೇರೆ ಕುದುರೆ ಕೊಡುವಂತೆ ಫಯೋಲ್ ಚೀಟಿ ಬರೆದು ಕಳುಹಿಸಿದರು. ಅದರಲ್ಲಿ ನಿರ್ದೇಶಕರ ಸಹಿ ಇಲ್ಲವೆಂದು ಲಾಯದವನು ಕುದುರೆ ಕೊಡಲಿಲ್ಲ. ನಿರ್ದೇಶಕರು ಊರಿನಲ್ಲಿರಲಿಲ್ಲ, ಅವರ ಬದಲಿಗೆ ಯಾರನ್ನೂ ನೇಮಿಸಿರಲಿಲ್ಲ. ಎಷ್ಟು ಬೇಡಿಕೊಂಡರೂ ಲಾಯದವನು ತನಗಿರುವ ಅಪ್ಪಣೆಯನ್ನು ಮೀರಲಿಲ್ಲ. ಗಣಿಯ ಆ ಭಾಗದ ಕೆಲಸ ನಿಂತುಹೋಯಿತು.

ಇದನ್ನು ಓದಿದಾಗ ನನಗೆ ನಮ್ಮ ಗುಮಾಸ್ತರ ಫೋನು ನೆನಪಾಯಿತು. ಲಾಯದವನೂ ಒಳ್ಳೆಯವನೇ, ನಮ್ಮ ಗುಮಾಸ್ತರೂ ಒಳ್ಳೆಯವರೇ. ಹೇಳಿದಷ್ಟನ್ನು ನಿಷ್ಠೆಯಿಂದ ಮಾಡಿದರು. ಸಹಿ ಹಾಕುವವನಿಲ್ಲದ ದಿನ ಕೆಲಸ ಹೇಗೆ ನಡೆಯಬೇಕೆಂದು ಯೋಚಿಸಿರಬೇಕಾದವರು ಮೇಲಿನವರು.

ಐದು ಕೆಲಸಗಳು

ಸಂಸ್ಥೆ ಯಾವುದೇ ಇರಲಿ, ಅದನ್ನು ನಡೆಸುವವನ ಕೆಲಸ ಐದು ಎಂದು ಫಯೋಲ್ ಹೇಳಿದರು: ಯೋಜನೆ, ಸಂಘಟನೆ, ನಿರ್ದೇಶನ, ಸಮನ್ವಯ, ನಿಯಂತ್ರಣ. ಆನಂತರದ ಪುಸ್ತಕಗಳು ಇವನ್ನು ನಾಲ್ಕು ಮಾಡಿದ್ದೂ ಉಂಟು, ಏಳು ಮಾಡಿದ್ದೂ ಉಂಟು. ತಿರುಳು ಒಂದೇ. ಒಂದೊಂದನ್ನೂ ನಮ್ಮ ತೋಟದ ಲೆಕ್ಕದಲ್ಲಿ ನೋಡೋಣ.

1. ಯೋಜನೆ: ಮುಂದೆ ಬರುವುದನ್ನು ಊಹಿಸಿ ಈಗಲೇ ಸಿದ್ಧನಾಗುವುದು. ಫಯೋಲ್ ತಮ್ಮ ಕಂಪನಿಯಲ್ಲಿ ಒಂದು ವರ್ಷದ ಮುನ್ನೋಟ, ಹತ್ತು ವರ್ಷಗಳ ಮುನ್ನೋಟ ಎರಡನ್ನೂ ಬರೆಸಿ ಇಡುತ್ತಿದ್ದರು. ನಮಗೂ ಅದು ಸಾಧ್ಯ. ಯೋಜನೆಯ ಸುಲಭ ದಾರಿಯೆಂದರೆ ಕೊನೆಯ ದಿನದಿಂದ ಹಿಂದಕ್ಕೆ ಲೆಕ್ಕ ಹಾಕುವುದು. ಕೊಳೆರೋಗಕ್ಕೆ ಮೊದಲ ಸಿಂಪರಣೆ ಮುಂಗಾರು ಹಿಡಿಯುವುದಕ್ಕೆ ಮುಂಚೆ ಆಗಬೇಕು. ಎರಡನೆಯದು 40-45 ದಿನಗಳ ಬಳಿಕ. ಹಾಗಾದರೆ ಮೈಲುತುತ್ತು ಮೇ ತಿಂಗಳ ಮಧ್ಯದೊಳಗೆ ಮನೆಯಲ್ಲಿರಬೇಕು, ಏಪ್ರಿಲ್‌ನಲ್ಲಿ ಉಗ್ರಾಣಕ್ಕೆ ಬಂದಿರಬೇಕು, ಮಾರ್ಚ್‌ನಲ್ಲಿ ಹಣ ಹೊಂದಿಸಿ ಆರ್ಡರ್ ಕೊಟ್ಟಿರಬೇಕು, ಫೆಬ್ರವರಿಯಲ್ಲಿ ಸದಸ್ಯರ ಬೇಡಿಕೆ ಬರಹದಲ್ಲಿ ಬಂದಿರಬೇಕು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 200 ಲೀಟರಿನ ಒಂದು ಡ್ರಮ್ಮಿಗೆ ತಲಾ ಎರಡೆರಡು ಕೆ.ಜಿ. ಕಳೆದ ವರ್ಷ ಎಷ್ಟು ಡ್ರಮ್ ಹೊಡೆಸಿದಿರೆಂದು ಬರೆದಿಟ್ಟಿದ್ದರೆ ಈ ವರ್ಷದ ಬೇಡಿಕೆ ಎರಡು ನಿಮಿಷದ ಲೆಕ್ಕ.

ದೊಡ್ಡ ಯೋಜನೆಗೆ ಉದಾಹರಣೆಯನ್ನು ನಮ್ಮ ನಾಡಿನಲ್ಲೇ ನೋಡಬಹುದು. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ನೆಲ ಕಚ್ಚಿದಾಗ ಕರ್ನಾಟಕ ಹಾಗೂ ಕೇರಳದ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿದರು. ವಾರಣಾಸಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಮುಂದೆ ಅಡಿಕೆ ತೋಟದ ನಡುವೆ ಬೆಳೆದ ಕೋಕೋಗೆ ಕೊಳ್ಳುವವರಿಲ್ಲದಂತಾದಾಗ ಅದೇ ಸಂಸ್ಥೆ ಕೋಕೋ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಇವತ್ತಿನ ಕಷ್ಟವನ್ನು ಇವತ್ತಿಗೆ ನೀಗಿಸಿ ಸುಮ್ಮನಾಗದೆ ಮುಂದಿನ ಹತ್ತು ವರ್ಷವನ್ನು ನೋಡುವುದೆಂದರೆ ಇದು.

2. ಸಂಘಟನೆ: ಯಾವ ಕೆಲಸಕ್ಕೆ ಯಾರು, ಯಾವ ಸಲಕರಣೆ, ಎಷ್ಟು ಹಣ ಎಂದು ಗೊತ್ತುಮಾಡುವುದು. ಇದರಲ್ಲಿ ಮುಖ್ಯವಾದುದು ಅಧಿಕಾರ ಹಾಗೂ ಹೊಣೆ ಜೊತೆಯಲ್ಲಿ ಹೋಗಬೇಕೆಂಬುದು. ಕೆಲಸ ವಹಿಸಿ, ಅದಕ್ಕೆ ಬೇಕಾದ ಅಧಿಕಾರವನ್ನು ಕೊಡದಿದ್ದರೆ ಅದು ಕೈ ಕಟ್ಟಿ ಈಜಲು ಬಿಟ್ಟಂತೆ. ಮೇಸ್ತ್ರಿಗೆ ಹತ್ತು ಆಳುಗಳನ್ನು ಒಪ್ಪಿಸಿ, ಒಬ್ಬ ಆಳು ಮಧ್ಯಾಹ್ನ ಮನೆಗೆ ಹೋಗಬೇಕೆಂದರೂ ಯಜಮಾನನನ್ನೇ ಕೇಳಬೇಕೆಂದರೆ ಆ ಮೇಸ್ತ್ರಿಯ ಮಾತನ್ನು ಯಾರು ಕೇಳುತ್ತಾರೆ?

3. ನಿರ್ದೇಶನ: ಕೆಲಸ ಮಾಡಿಸುವುದು. ಏನು, ಎಷ್ಟು, ಯಾವಾಗ ಎಂಬುದನ್ನು ಸ್ಪಷ್ಟವಾಗಿ ಹೇಳುವುದು, ಜೊತೆಯಲ್ಲಿದ್ದು ಹುರಿದುಂಬಿಸುವುದು. ಒಬ್ಬ ಕೆಲಸಗಾರನಿಗೆ ಒಬ್ಬನೇ ಮೇಲಿನವನಿರಬೇಕೆಂಬುದು ಫಯೋಲರ ಪ್ರಸಿದ್ಧ ಸೂತ್ರ. ನಮ್ಮ ಮನೆಗಳಲ್ಲಿ ಏನಾಗುತ್ತದೆ? ಅಪ್ಪ ಮರಗಸಿ ಮುಗಿಸಿ ಎನ್ನುತ್ತಾರೆ, ಮಗ ಪೇಟೆಯಿಂದ ಫೋನ್ ಮಾಡಿ ಮೊದಲು ಚಿಗುರು ತೆಗೆಯಿರಿ ಎನ್ನುತ್ತಾನೆ. ಆಳು ಇಬ್ಬರಿಗೂ "ಆಯ್ತಯ್ಯಾ" ಎಂದು ಎರಡನ್ನೂ ಅರ್ಧಕ್ಕೆ ಬಿಡುತ್ತಾನೆ. ಬೈಗುಳ ಆಳಿಗೆ, ತಪ್ಪು ನಮ್ಮದು.

4. ಸಮನ್ವಯ: ಬೇರೆ ಬೇರೆ ಕೆಲಸಗಳು ಒಂದನ್ನೊಂದು ತುಳಿಯದಂತೆ ಹೊಂದಿಸುವುದು. ಅಡಿಕೆ, ಕಾಫಿ ಎರಡೂ ಇರುವ ನಮಗೆ ಇದರ ಕಷ್ಟ ಚೆನ್ನಾಗಿ ಗೊತ್ತು. ಅಡಿಕೆ ಕೊಯ್ಲು ನಡೆಯುತ್ತಿರುವಾಗಲೇ ಅರೇಬಿಕಾ ಹಣ್ಣಾಗುತ್ತದೆ. ಅದೇ ಆಳು, ಅದೇ ಕಣ. ಅಡಿಕೆ ಸುಲಿದು ಬೇಯಿಸಲು ಜನ ಬೇಕು; ಅತ್ತ ಹಣ್ಣು ಕಾಫಿ ಗಿಡದಲ್ಲೇ ಒಣಗತೊಡಗುತ್ತದೆ. ನೆರೆಹೊರೆಯ ನಾಲ್ಕು ಮನೆಯವರು ಅಕ್ಟೋಬರ್‌ನಲ್ಲೇ ಕುಳಿತು ಯಾವ ವಾರ ಯಾರ ತೋಟ ಎಂದು ಗೊತ್ತುಮಾಡಿಕೊಂಡರೆ ಆಳಿಗಾಗಿ ನಡೆಯುವ ಜಗಳ ಅರ್ಧ ಕಡಿಮೆಯಾಗುತ್ತದೆ. ಫಯೋಲ್ ಇದಕ್ಕೆ ಸೂಚಿಸಿದ ಉಪಾಯವೂ ಸರಳವೇ: ಪ್ರತಿ ವಿಭಾಗದ ಮುಖ್ಯಸ್ಥರು ವಾರಕ್ಕೊಮ್ಮೆ ಒಟ್ಟಿಗೆ ಕುಳಿತು ಮಾತನಾಡುವುದು.

5. ನಿಯಂತ್ರಣ: ಅಂದುಕೊಂಡದ್ದು ಆಗಿದೆಯೇ ಎಂದು ನೋಡುವುದು. ಇದನ್ನು ನಾವು ಪೊಲೀಸು ಕೆಲಸವೆಂದು ತಪ್ಪು ತಿಳಿಯುತ್ತೇವೆ. ಇದರಲ್ಲಿ ನಾಲ್ಕು ಹಂತಗಳಿವೆ: ಅಳತೆಗೋಲು ಗೊತ್ತುಮಾಡುವುದು, ಆದ ಕೆಲಸವನ್ನು ಅಳೆಯುವುದು, ಎರಡನ್ನೂ ಹೋಲಿಸುವುದು, ವ್ಯತ್ಯಾಸ ಕಂಡರೆ ಸರಿಪಡಿಸುವುದು. ಪಾರ್ಚ್‌ಮೆಂಟ್ ಕಾಫಿಯ ತೇವಾಂಶ ಶೇಕಡಾ 10ಕ್ಕೆ, ರೋಬಸ್ಟಾ ಚೆರ್ರಿಯ ತೇವಾಂಶ ಶೇಕಡಾ 11ಕ್ಕೆ ಇಳಿದ ಮೇಲೆ ಚೀಲ ತುಂಬಬೇಕೆಂಬುದು ಅಳತೆಗೋಲು. ಕೈಯಲ್ಲಿ ಉಜ್ಜಿ, ಹಲ್ಲಿನಲ್ಲಿ ಕಚ್ಚಿ "ಒಣಗಿದೆ" ಎನ್ನುವುದು ಅಂದಾಜು. ತೇವಮಾಪಕದಲ್ಲಿ ನೋಡುವುದು ಅಳತೆ. ಮಾಲು ಬೂಸಲು ಹಿಡಿದ ಮೇಲೆ ಕಣದವನನ್ನು ಬೈದರೆ ಅದು ನಿಯಂತ್ರಣವಲ್ಲ. ನಿಯಂತ್ರಣ ನಡೆಯಬೇಕಾದುದು ಚೀಲ ಹೊಲಿಯುವುದಕ್ಕೆ ಮೊದಲು.

ಈ ಐದೂ ಒಂದು ಸರಪಳಿ. ನಿಯಂತ್ರಣದಲ್ಲಿ ಕಂಡುಬಂದ ತಪ್ಪು ಮುಂದಿನ ವರ್ಷದ ಯೋಜನೆಗೆ ಪಾಠವಾಗಬೇಕು. ನಮ್ಮಲ್ಲಿ ಹೆಚ್ಚಿನವರು ಮೂರನೆಯ ಕೆಲಸವನ್ನು ಮಾತ್ರ, ಎಂದರೆ ಹೇಳಿ ಮಾಡಿಸುವುದನ್ನು ಮಾತ್ರ, ನಿರ್ವಹಣೆ ಎಂದು ತಿಳಿದಿದ್ದೇವೆ. ನಾನೂ ಹಾಗೆಯೇ ತಿಳಿದಿದ್ದೆ.

ಮೂರು ರೀತಿಗಳು

ಐದು ಕೆಲಸಗಳು ಎಲ್ಲರಿಗೂ ಒಂದೇ. ಆದರೆ ಮಾಡುವ ರೀತಿ ಒಬ್ಬೊಬ್ಬರದು ಒಂದೊಂದು. ಇದನ್ನು ಕುರಿತು ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಕುರ್ಟ್ ಲೆವಿನ್, ರೊನಾಲ್ಡ್ ಲಿಪಿಟ್ ಹಾಗೂ ರಾಲ್ಫ್ ವೈಟ್ ಎಂಬ ವಿದ್ವಾಂಸರು ಒಂದು ಪ್ರಯೋಗ ನಡೆಸಿ 1939ರಲ್ಲಿ ಪ್ರಕಟಿಸಿದರು. ಹತ್ತು ವರ್ಷ ವಯಸ್ಸಿನ ಹುಡುಗರ ಸಣ್ಣ ಸಣ್ಣ ಗುಂಪುಗಳಿಗೆ ಮುಖವಾಡ ಮಾಡುವುದು ಮುಂತಾದ ಕೈಕೆಲಸ ಕೊಟ್ಟು, ಪ್ರತಿ ಗುಂಪಿಗೂ ಒಬ್ಬ ದೊಡ್ಡವರನ್ನು ಮುಖಂಡರನ್ನಾಗಿ ನೇಮಿಸಿದರು.

ಒಂದು ರೀತಿಯ ಮುಖಂಡ ಎಲ್ಲವನ್ನೂ ತಾನೇ ನಿರ್ಧರಿಸಿ, ಒಂದೊಂದೇ ಹೆಜ್ಜೆಯನ್ನು ಅಪ್ಪಣೆ ಕೊಟ್ಟು ಮಾಡಿಸಿದ. ಇನ್ನೊಂದು ರೀತಿಯ ಮುಖಂಡ ಹುಡುಗರೊಡನೆ ಚರ್ಚಿಸಿ, ದಾರಿ ತೋರಿಸಿ, ಅವರೇ ತೀರ್ಮಾನಿಸಲು ನೆರವಾದ. ಮೂರನೆಯ ರೀತಿಯವನು ಸಾಮಾನು ಕೊಟ್ಟು, ಕೇಳಿದರೆ ಉತ್ತರ ಹೇಳಿ, ಉಳಿದಂತೆ ತನ್ನಷ್ಟಕ್ಕೆ ಕುಳಿತ. ಕ್ರಮವಾಗಿ ಆಜ್ಞೆಯ ರೀತಿ, ಸಮಾಲೋಚನೆಯ ರೀತಿ, ಬಿಟ್ಟುಕೊಡುವ ರೀತಿ ಎಂದು ಇವನ್ನು ಕರೆಯೋಣ.

ಆಜ್ಞೆಯ ರೀತಿಯಲ್ಲಿ ಕೆಲಸ ಕಡಿಮೆಯೇನೂ ಆಗಲಿಲ್ಲ. ಆದರೆ ಮುಖಂಡ ಕೋಣೆಯಿಂದ ಹೊರಗೆ ಹೋದೊಡನೆ ಆ ಗುಂಪಿನ ಕೆಲಸ ಥಟ್ಟನೆ ಕುಸಿಯಿತು. ಸಮಾಲೋಚನೆಯ ಗುಂಪಿನಲ್ಲಿ ಮುಖಂಡ ಇಲ್ಲದಾಗಲೂ ಕೆಲಸ ಹೆಚ್ಚು ಕಡಿಮೆ ಮೊದಲಿನಂತೆಯೇ ಸಾಗಿತು, ಹುಡುಗರಲ್ಲಿ ಹೊಸ ಯೋಚನೆಗಳೂ ಹೆಚ್ಚು ಹುಟ್ಟಿದವು. ಬಿಟ್ಟುಕೊಟ್ಟ ಗುಂಪು ಮಾತಿನಲ್ಲಿ, ಆಟದಲ್ಲಿ ಕಾಲ ಕಳೆದದ್ದೇ ಹೆಚ್ಚು.

ಹುಡುಗರ ಪ್ರಯೋಗವನ್ನು ದೊಡ್ಡವರ ಸಂಸ್ಥೆಗೆ ಹಾಗೆಯೇ ಹೊಂದಿಸಬಾರದೆಂಬುದು ನಿಜ. ಆದರೂ ಆ ಒಂದು ಪರೀಕ್ಷೆ ನಮಗೂ ಒಪ್ಪುತ್ತದೆ: ಯಜಮಾನ ಹೊರಗೆ ಹೋದಾಗ ಏನಾಗುತ್ತದೆ? 2018ರಲ್ಲಿ ನಮ್ಮ ಸಂಘದಲ್ಲಿ ನಡೆದದ್ದು ಅದೇ. ನಾನು ಕೋಣೆಯಿಂದ ಹೊರಗೆ ಹೋದೆ, ಕೆಲಸ ನಿಂತಿತು.

ರೀತಿಯ ಹಿಂದೆ ಮನುಷ್ಯರನ್ನು ಕುರಿತ ಒಂದು ನಂಬಿಕೆ ಇರುತ್ತದೆ ಎಂದು ಡಗ್ಲಾಸ್ ಮೆಕ್‌ಗ್ರೆಗರ್ ಎಂಬ ಪ್ರಾಧ್ಯಾಪಕರು 1960ರಲ್ಲಿ ಬರೆದರು. ಜನ ಸ್ವಭಾವತಃ ಸೋಮಾರಿಗಳು, ಬೆನ್ನ ಹಿಂದೆ ನಿಂತರೆ ಮಾತ್ರ ದುಡಿಯುತ್ತಾರೆ ಎಂದು ನಂಬಿದವನು ಒಂದು ರೀತಿ ನಡೆಸುತ್ತಾನೆ. ಹೊಣೆ ಕೊಟ್ಟರೆ ಜನ ಹೊರುತ್ತಾರೆ ಎಂದು ನಂಬಿದವನು ಇನ್ನೊಂದು ರೀತಿ ನಡೆಸುತ್ತಾನೆ. ನಂಬಿಕೆ ಯಾವುದೋ, ಕೆಲಸಗಾರರೂ ಕೊನೆಗೆ ಹಾಗೆಯೇ ಆಗುತ್ತಾರೆ. ನಮ್ಮ ಗುಮಾಸ್ತರನ್ನು ಹೇಳಿದ್ದಷ್ಟನ್ನೇ ಮಾಡುವವರನ್ನಾಗಿ ಮಾಡಿದವನು ನಾನೆಂಬುದನ್ನು ಒಪ್ಪಿಕೊಳ್ಳಬೇಕು.

ಯಾವಾಗ ಯಾವ ರೀತಿ?

ಹಾಗೆಂದು ಆಜ್ಞೆಯ ರೀತಿ ಯಾವಾಗಲೂ ಕೆಟ್ಟದ್ದು, ಸಮಾಲೋಚನೆಯೇ ಯಾವಾಗಲೂ ಒಳ್ಳೆಯದು ಎಂದಲ್ಲ. ಸಂದರ್ಭ ನೋಡಬೇಕು.

ಕಣದ ತುಂಬ ಕಾಫಿ ಹರಡಿದೆ, ಪಡುವಣದಲ್ಲಿ ಮೋಡ ಕಟ್ಟಿದೆ. ಆಗ ಸಭೆ ಕರೆಯುವಂತಿಲ್ಲ. "ನೀನು ಟಾರ್ಪಾಲು ತಾ, ನೀವಿಬ್ಬರು ರಾಶಿ ಮಾಡಿ" ಎಂದು ಒಬ್ಬರ ಬಾಯಿಂದ ಅಪ್ಪಣೆ ಬರಬೇಕು. ಹೊಸದಾಗಿ ಬಂದ, ಕೆಲಸ ತಿಳಿಯದ ಆಳಿಗೂ ಹಂತಹಂತವಾಗಿ ಹೇಳಿಕೊಡಲೇಬೇಕು. ಮೈಲುತುತ್ತಿನ ದ್ರಾವಣವನ್ನು ನಿನಗೆ ತೋಚಿದಂತೆ ಕಲಸು ಎನ್ನಲಾಗದು.

ಸಂಘಕ್ಕೆ ಕಾರ್ಬನ್ ಫೈಬರ್ ದೋಟಿ ಕೊಂಡು ಬಾಡಿಗೆಗೆ ಕೊಡಬೇಕೇ, ಬಾಡಿಗೆ ಎಷ್ಟು, ಮೊದಲ ಸರದಿ ಯಾರಿಗೆ ಎಂಬ ಪ್ರಶ್ನೆ ಬೇರೆ ಜಾತಿಯದು. ಇದನ್ನು ಕಾರ್ಯದರ್ಶಿಯೊಬ್ಬನೇ ನಿರ್ಧರಿಸಿದರೆ ನಾಳೆ ದೋಟಿ ಮುರಿದಾಗ ಅದು ಕಾರ್ಯದರ್ಶಿಯ ದೋಟಿ. ಸದಸ್ಯರು ಕುಳಿತು ನಿಯಮ ಮಾಡಿಕೊಂಡರೆ ಅದು ಎಲ್ಲರ ದೋಟಿ. ಎಲ್ಲರೂ ಒಪ್ಪಿ ನಡೆಯಬೇಕಾದ ವಿಷಯದಲ್ಲಿ ಸಮಾಲೋಚನೆಗೆ ಹಿಡಿಯುವ ಸಮಯ ವ್ಯರ್ಥವಲ್ಲ.

ಬಿಟ್ಟುಕೊಡುವ ರೀತಿಗೂ ಜಾಗವಿದೆ. ಮೂವತ್ತು ವರ್ಷ ಮರ ಹತ್ತಿದ ಕೊನೆಗಾರ "ಈ ಮರ ಇವತ್ತು ಬೇಡ ಅಯ್ಯಾ, ಪಾಚಿ ಜಾರ್ತದೆ" ಎಂದರೆ ಕೆಳಗೆ ನಿಂತವನು ಎದುರಾಡಬಾರದು. ತಿಳಿದವನ ಕೆಲಸವನ್ನು ತಿಳಿದವನಿಗೇ ಬಿಡುವುದು ವಿವೇಕ. ಆದರೆ ಬಿಟ್ಟುಕೊಡುವುದು ಬೇರೆ, ಕೈಬಿಡುವುದು ಬೇರೆ. ತೋಟವನ್ನು ರೈಟರಿಗೆ ಒಪ್ಪಿಸಿ ವರ್ಷಕ್ಕೊಮ್ಮೆ ಲೆಕ್ಕ ಕೇಳುವವನು ತೋಟವನ್ನು ಕೈಬಿಟ್ಟವನೇ.

ಸಂಘದಲ್ಲಿ ಯಾರ ಕೆಲಸ ಯಾವುದು?

ಸಹಕಾರ ಸಂಘಕ್ಕೆ ಖಾಸಗಿ ತೋಟಕ್ಕಿಲ್ಲದ ಒಂದು ತೊಡಕಿದೆ. ಇಲ್ಲಿ ಯಜಮಾನರು ನೂರಾರು ಮಂದಿ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯಂತೆ ಮಹಾಸಭೆಯೇ ಪರಮಾಧಿಕಾರಿ. ಅದು ಚುನಾಯಿಸಿದ ಆಡಳಿತ ಮಂಡಳಿ ದಾರಿಯನ್ನು ನಿರ್ಧರಿಸಬೇಕು. ಕಾರ್ಯದರ್ಶಿ ಹಾಗೂ ಸಿಬ್ಬಂದಿ ಆ ದಾರಿಯಲ್ಲಿ ಬಂಡಿ ನಡೆಸಬೇಕು. ನಿರ್ದೇಶಕರು ಉಗ್ರಾಣಕ್ಕೆ ಬಂದು ಯಾರಿಗೆ ಎಷ್ಟು ಚೀಲ ಎಂದು ಹೇಳತೊಡಗಿದರೆ ಸಿಬ್ಬಂದಿಗೆ ಹತ್ತು ಮಂದಿ ಮೇಲಿನವರಾಗುತ್ತಾರೆ. ಕಾರ್ಯದರ್ಶಿಯೇ ದಾರಿಯನ್ನೂ ನಿರ್ಧರಿಸತೊಡಗಿದರೆ ಆಡಳಿತ ಮಂಡಳಿ ಚಹಾ ಕುಡಿದು ಸಹಿ ಹಾಕಿ ಹೋಗುವ ಸಭೆಯಾಗುತ್ತದೆ.

ಗುಜರಾತಿನ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಸಂಘ 1946ರಲ್ಲಿ ಆನಂದದಲ್ಲಿ ಆರಂಭವಾಯಿತು. ಮುಂದೆ ಅದೇ ಅಮುಲ್ ಎಂದು ಹೆಸರಾಯಿತು. ಅದರ ಸ್ಥಾಪಕ ಅಧ್ಯಕ್ಷರು ರೈತರ ನಂಬಿಕೆ ಗಳಿಸಿದ್ದ ತ್ರಿಭುವನದಾಸ್ ಪಟೇಲರು. 1949ರಲ್ಲಿ ಆನಂದಕ್ಕೆ ಬಂದ ವರ್ಗೀಸ್ ಕುರಿಯನ್ ಬಳಿಕ ಅದರ ವ್ಯವಸ್ಥಾಪಕರಾದರು. ರೈತರ ಪರವಾಗಿ ನಿಲ್ಲುವ ಕೆಲಸ ಒಬ್ಬರದು, ಡೇರಿ ನಡೆಸುವ ಕೆಲಸ ಇನ್ನೊಬ್ಬರದು. ಅಧ್ಯಕ್ಷರು, ವ್ಯವಸ್ಥಾಪಕರು ಹೀಗೆ ಕೂಡಿ ದುಡಿದರೆ ಸಹಕಾರ ಸಂಸ್ಥೆ ಎಷ್ಟು ಎತ್ತರಕ್ಕೆ ಹೋಗಬಹುದೆಂಬುದಕ್ಕೆ ಅದು ಸಾಕ್ಷಿ.

ನಾವು ಮಾಡಿಕೊಂಡ ಬದಲಾವಣೆ

ಆ ಮಹಾಸಭೆಯ ನಂತರ ಆಡಳಿತ ಮಂಡಳಿ ಕುಳಿತು ನಾಲ್ಕು ತೀರ್ಮಾನ ಮಾಡಿತು. ಒಂದು, ಸದಸ್ಯರ ಬೇಡಿಕೆ ಫೆಬ್ರವರಿಯಲ್ಲಿ ಅಚ್ಚು ಹಾಕಿಸಿದ ನಮೂನೆಯಲ್ಲಿ ಬಂದು ಕಚೇರಿಯ ಪುಸ್ತಕದಲ್ಲಿ ದಾಖಲಾಗಬೇಕು. ಎರಡು, ವರ್ಷದ ಮುಖ್ಯ ಕೆಲಸಗಳ ಪಟ್ಟಿ ತಿಂಗಳುವಾರಾಗಿ ಗೋಡೆಯ ಮೇಲಿರಬೇಕು. ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು, ಅವರಿಲ್ಲದಿದ್ದರೆ ಮಾಡುವ ಇನ್ನೊಬ್ಬರ ಹೆಸರು ಇರಬೇಕು. ಮೂರು, ಕಾರ್ಯದರ್ಶಿ ಇಲ್ಲದಾಗ ಗೊತ್ತುಮಾಡಿದ ಒಬ್ಬ ನಿರ್ದೇಶಕರು ಅಧ್ಯಕ್ಷರ ಜೊತೆ ಚೆಕ್ಕಿಗೆ ಸಹಿ ಹಾಕಬೇಕು. ಬ್ಯಾಂಕಿಗೆ ಅವರ ಸಹಿಯ ಮಾದರಿ ಮೊದಲೇ ಹೋಗಿರಬೇಕು. ನಾಲ್ಕು, ಗೋಡೆಯ ಪಟ್ಟಿಯನ್ನು ತಿಂಗಳ ಸಭೆಯಲ್ಲಿ ಮೊದಲ ವಿಷಯವಾಗಿ ಓದಿ, ಆದದ್ದಕ್ಕೆ ಗುರುತು ಹಾಕಿ, ಆಗದ್ದಕ್ಕೆ ಕಾರಣ ಬರೆಯಬೇಕು.

ನನಗೆ ಇದು ಸುಲಭವಾಗಲಿಲ್ಲ. ಉಗ್ರಾಣದ ಬೀಗದ ಕೈಯನ್ನು ಗುಮಾಸ್ತರಿಗೆ ಒಪ್ಪಿಸಿದ ದಿನ ಏನೋ ಕಳೆದುಕೊಂಡಂತಾಯಿತು. ಮೊದಲ ವರ್ಷ ಅವರು ಸುಣ್ಣದ ಲೆಕ್ಕದಲ್ಲಿ ತಪ್ಪು ಮಾಡಿದರು. ಕೀ ವಾಪಸು ಕೇಳಬೇಕೆಂದು ನಾಲಿಗೆಯ ತುದಿಯವರೆಗೆ ಬಂತು, ತಡೆದುಕೊಂಡೆ. ತಪ್ಪು ಎಲ್ಲಾಯಿತೆಂದು ಇಬ್ಬರೂ ಕುಳಿತು ನೋಡಿದೆವು. ಆ ತಪ್ಪು ಮತ್ತೆ ಆಗಲಿಲ್ಲ.

ಪರೀಕ್ಷೆ ಬೇಗನೆ ಬಂತು. 2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆದಾಗ ನಾನು ಬೇರೆ ಊರಿನಲ್ಲಿ ಮಗಳ ಮನೆಯಲ್ಲಿ ಸಿಕ್ಕಿಹಾಕಿಕೊಂಡೆ. ಬೇಡಿಕೆ ಪಟ್ಟಿ ಫೆಬ್ರವರಿಯಲ್ಲೇ ಸಿದ್ಧವಾಗಿತ್ತು, ಆರ್ಡರ್ ಹೋಗಿತ್ತು. ಲೋಡು ತರಿಸುವುದು, ಹಣ ಕೊಡುವುದು, ಗುಂಪು ಸೇರದಂತೆ ಊರುವಾರು ದಿನ ಗೊತ್ತುಮಾಡಿ ಹಂಚುವುದು ಎಲ್ಲವನ್ನೂ ಅಧ್ಯಕ್ಷರು, ನಿರ್ದೇಶಕರು, ಗುಮಾಸ್ತರು ಸೇರಿ ಮುಗಿಸಿದರು. ಊರುವಾರು ಹಂಚುವ ಉಪಾಯ ಗುಮಾಸ್ತರದು. ನನಗಾದರೆ ಅದು ಹೊಳೆಯುತ್ತಿರಲಿಲ್ಲ. ನಾನು ಊರಿಗೆ ಮರಳುವಷ್ಟರಲ್ಲಿ ಉಗ್ರಾಣ ಬಹುಪಾಲು ಖಾಲಿಯಾಗಿತ್ತು. ಕಾರ್ಯದರ್ಶಿಯಾಗಿ ನನಗೆ ಸಿಕ್ಕ ದೊಡ್ಡ ಸಂತೋಷ ಅದು.

ಮನೆಯಲ್ಲಿ ಕುಳಿತು ಉತ್ತರಿಸಬೇಕಾದ ಪ್ರಶ್ನೆಗಳು

ಪಾಠ ಓದಿ ಮಡಿಸಿಟ್ಟರೆ ಸಾಲದು. ಕೆಳಗಿನ ಪ್ರಶ್ನೆಗಳಿಗೆ ಮನೆಯವರೆಲ್ಲ ಸೇರಿ ಉತ್ತರ ಬರೆಯಿರಿ.

1. ನಾಳೆಯಿಂದ ಒಂದು ತಿಂಗಳು ನೀವು ಹಾಸಿಗೆ ಹಿಡಿದರೆ ತೋಟದ ಯಾವ ಕೆಲಸ ನಿಲ್ಲುತ್ತದೆ? ಅದನ್ನು ಇನ್ನೊಬ್ಬರಿಗೆ ಕಲಿಸಿದ್ದೀರಾ?

2. ಸಾಲ ಎಷ್ಟು, ಯಾವ ದಿನ ಕಟ್ಟಬೇಕು, ಕಾಗದಪತ್ರ ಎಲ್ಲಿದೆ ಎಂಬುದು ಮನೆಯಾಕೆಗೆ ಗೊತ್ತಿದೆಯೇ?

3. ಕಳೆದ ವರ್ಷ ಎಷ್ಟು ಡ್ರಮ್ ಔಷಧಿ, ಎಷ್ಟು 'ಆಳು-ದಿನ', ಎಷ್ಟು ಚೀಲ ಕಾಫಿ, ಎಷ್ಟು ಕ್ವಿಂಟಾಲ್ ಅಡಿಕೆ ಎಂಬುದು ಬರಹದಲ್ಲಿದೆಯೇ, ತಲೆಯಲ್ಲಿದೆಯೇ?

4. ನಿಮ್ಮ ಕೆಲಸಗಾರರಿಗೆ ಅಪ್ಪಣೆ ಕೊಡುವವರು ಒಬ್ಬರೋ, ಇಬ್ಬರೋ?

5. ಕಳೆದ ಮಹಾಸಭೆಗೆ ಬಂದಿದ್ದಿರಾ? ಬಂದಿದ್ದರೆ ಒಂದಾದರೂ ಪ್ರಶ್ನೆ ಕೇಳಿದಿರಾ?

ಕೊನೆಯ ಪ್ರಶ್ನೆಯನ್ನು ಕಾರ್ಯದರ್ಶಿಯಾಗಿ ನಾನೇ ಕೇಳುತ್ತಿರುವುದಕ್ಕೆ ಕಾರಣವಿದೆ. ಆ ದಿನ ಆ ಹಿರಿಯರು ಎದ್ದು ನಿಂತು ಕೇಳದೇ ಇದ್ದಿದ್ದರೆ, ಬೀಗದ ಕೈ ಇಂದಿಗೂ ನನ್ನ ಮನೆಯ ಮೊಳೆಯಲ್ಲೇ ಇರುತ್ತಿತ್ತೋ ಏನೋ. ಸದಸ್ಯರ ಪ್ರಶ್ನೆಯೂ ನಿಯಂತ್ರಣವೇ, ಐದನೆಯ ಕೆಲಸವೇ. ಅದು ನಿಮ್ಮ ಪಾಲಿನದು. ಮುಂದಿನ ಮಹಾಸಭೆಗೆ ತಪ್ಪದೆ ಬನ್ನಿ. ಬರುವಾಗ ಈ ಉತ್ತರಗಳನ್ನೂ ತನ್ನಿ.

ಇತಿ ನಿಮ್ಮವ,
ಕಾರ್ಯದರ್ಶಿ